ಗೋಡೆಯ ಕಡೆ ಮುಖ

ಬಟ್ಟಲು. ಬೆಳಗಿನಿಂದ ಆ ಪದ ಅವಳ ನಾಲಿಗೆಯ ಮೇಲೆ ಕೂತುಬಿಟ್ಟಿತ್ತು. ಬಾಯಿ ತೆರೆದರೆ ಎಲ್ಲಿ ಜಾರಿ ಬಿದ್ದೀತೋ ಎಂದು ಫೋನಿನಲ್ಲಿ ಕೂಡ ಹೂಂ, ಉಹೂಂ ಎಂದಷ್ಟೇ ಹೇಳಿ ಇಡುತ್ತಿದ್ದಳು. ಮೇಜಿನ ಆಚೆ ಅಚ್ಚಿನಣ್ಣ ನಿಂತಿದ್ದ. ಮೊಣಕೈಯವರೆಗೂ ಬಿಳಿ ಪುಡಿ, ಎಡಗೈಯಲ್ಲಿ ಅದೇ ಬಟ್ಟಲು, ಪ್ಲಾಸ್ಟರು ಕಲಸುವ ಹಸಿರು ರಬ್ಬರಿನದು. ಹಲ್ಲಿನ ಡಾಕ್ಟರುಗಳು ಕಳಿಸುವ ಬಾಯಿಯ ಅಳತೆಗಳಿಗೆ ಪ್ಲಾಸ್ಟರು ಹೊಯ್ದು ಅಚ್ಚು ತೆಗೆಯುವುದು ಅವನ ಕೆಲಸ, ಅದಕ್ಕೇ ಆ ಹೆಸರು. ಬಟ್ಟಲು ಕೆಳಗಿಟ್ಟರೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುವ ಮನುಷ್ಯ. “ಕೊಡೆ ಇತ್ತು ತಂಗಿ,” ಎಂದ. “ನಿಂಬೆ ಇತ್ತು. ಮೆಟ್ಟಿಲಿತ್ತು. ಇನ್ನೊಂದೇನೋ ಇತ್ತು. ದಿನಾ ನೋಡೋದೇ. ಹಾಳಾದ್ದು, ನೆನಪಿಗೇ ಬರ್ತಿಲ್ಲ.” ನಾಲ್ಕು ಪದ ಪೋಣಿಸಿ ಅವನೇ ಮಾಡಿಕೊಂಡ ಬೀಗ, ನಾಲ್ಕನೆಯ ಪದ ಅವನ ಕೈಯಲ್ಲೇ ತೊಟ್ಟಿಕ್ಕುತ್ತಿತ್ತು. ಅವಳು ಅದನ್ನು ನೋಡಿದಳು, ತನ್ನ ಕಣ್ಣು ಹೋದ ಕಡೆ ಅವನ ಕಣ್ಣೂ ಹೋದೀತೆಂದು ಥಟ್ಟನೆ ಬೇರೆ ಕಡೆ ತಿರುಗಿದಳು. “ನಿಧಾನಕ್ಕೆ ನೆನಪು ಮಾಡ್ಕೊಳ್ಳಿ ಅಣ್ಣ, ಬರುತ್ತೆ,” ಎಂದಳು. ಅವನು ದೊಡ್ಡ ಉಪಕಾರ ಮಾಡಿಸಿಕೊಂಡವನ ಹಾಗೆ ತಲೆಯಾಡಿಸಿ ಒಳಗೆ ಹೋದ. ನೆಲದ ಮೇಲೆ ಬಿಳಿ ಹನಿಗಳು ಉಳಿದವು.

ಹೇಳಿಬಿಟ್ಟರೆ ಮುಗಿಯಿತು, ಅವನ ಹೆಂಡತಿಯ ಧ್ವನಿ ಅವನಿಗೆ ವಾಪಸ್ಸು ಸಿಗುತ್ತದೆ. ವಿಷಯ ಅಷ್ಟೇ. ಸತ್ತವಳ ಆನ್‌ಲೈನ್ ಖಾತೆಯೊಂದರಲ್ಲಿ ಉಳಿದುಕೊಂಡಿದ್ದ ಕೆಲವು ಫೋಟೋ, ಒಂದಿಷ್ಟು ಧ್ವನಿಯ ತುಣುಕು. ಅವಳ ಫೋನು ನೀರಿಗೆ ಬಿದ್ದು ಎಂದೋ ಹಾಳಾಗಿತ್ತು. ಅಚ್ಚಿನಣ್ಣನದು ಗುಂಡಿ ಒತ್ತುವ ಹಳೇ ಫೋನು. ಹಾಗಾಗಿ ಪ್ರತಿ ಶನಿವಾರ ಊಟದ ಹೊತ್ತಿಗೆ ಅವನು ಕೈ ತೊಳೆದುಕೊಂಡು ಬಂದು ಇವಳ ಮೇಜಿನ ಪಕ್ಕ ನಿಲ್ಲುತ್ತಿದ್ದ. ಇವಳು ಕಂಪ್ಯೂಟರಿನಲ್ಲಿ ಆ ಖಾತೆಯ ಪಾಸ್‌ವರ್ಡ್ ಒತ್ತಿ, ಇಯರ್‌ಫೋನು ಅವನ ಕೈಗೆ ಕೊಟ್ಟು, ತನ್ನ ಊಟದ ಡಬ್ಬಿ ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ಒಂದು ಸಲ ತಂತಿ ಸರಿಯಾಗಿ ಸಿಕ್ಕಿಸಿರಲಿಲ್ಲ, ಧ್ವನಿ ಇಡೀ ರೂಮಿಗೆ ಕೇಳಿಸಿತು: ಬರ್ತಾ ಸೋಪು ತನ್ನಿ, ಬಟ್ಟೇದಲ್ಲ, ಮೈದು, ಕೇಳಿಸ್ತಾ, ಕೇಳಿಸ್ತಾ ಇಲ್ವಾ. ಇದನ್ನು ಕೇಳಲು ಆ ಮನುಷ್ಯ ವಾರವಿಡೀ ಕಾಯುತ್ತಿದ್ದ. ಖಾತೆ ಅವನ ಹೆಂಡತಿಯದು, ಪಾಸ್‌ವರ್ಡ್ ಬರೆದಿದ್ದ ಚೀಟಿಯನ್ನು ತಂದುಕೊಟ್ಟು, ನನ್ನ ತಲೇಲಿ ನಿಲ್ಲಲ್ಲ ನೀವಿಟ್ಕೊಳ್ಳಿ ಎಂದವನೂ ಅವನೇ. ಆದರೂ ಇವಳು ಒತ್ತುವಾಗ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲುತ್ತಿದ್ದ. ನಿಮ್ಮದೇ ಅಲ್ವಾ ಅಣ್ಣ ಎಂದರೆ, ಇರಲಿ ತಂಗಿ, ಪದ್ಧತಿ ಅಂದ್ರೆ ಪದ್ಧತಿ ಎನ್ನುತ್ತಿದ್ದ.

ಪದ್ಧತಿ ಹುಟ್ಟಿದ್ದು ತಮಾಷೆಗೆ. ಹಲ್ಲು ತಯಾರಿಸುವ ಈ ಲ್ಯಾಬು ಶುರುವಾದ ಹೊಸತರಲ್ಲಿ ಯಜಮಾನ ಎಲ್ಲ ಪಾಸ್‌ವರ್ಡುಗಳನ್ನೂ, ಇ-ಮೇಲಿನದು, ಬ್ಯಾಂಕಿನದು, ಕೊರಿಯರಿನದು, ತೆರಿಗೆಯದು, ಹಲ್ಲು ಕೆತ್ತುವ ಯಂತ್ರದ್ದು, ಡಾಕ್ಟರುಗಳು ಆರ್ಡರು ಹಾಕುವ ಸೈಟಿನದು, ಅವಳ ತಲೆಗೆ ಒಪ್ಪಿಸಿ ಕೈ ತೊಳೆದುಕೊಂಡಿದ್ದ. ಬರೆದಿಟ್ಟರೆ ಯಾರಾದರೂ ನೋಡುತ್ತಾರೆ, ನಿಮ್ಮ ತಲೆಯೊಳಗೆ ಯಾರು ಇಣುಕುತ್ತಾರೆ ಎಂದು ನಕ್ಕಿದ್ದ. ಅವತ್ತಿನಿಂದ ಅವಳ ಹೆಸರು ಕೀಲಿಕೈ. ಯಾರಿಗೆ ಏನು ತೆರೆಯಬೇಕಾದರೂ, ಕೀಲಿಕೈ ಸ್ವಲ್ಪ ಬನ್ನಿ ಎಂದು ಕೂಗಬೇಕು. ಅವಳು ಎದ್ದು ಹೋಗಿ ಕೂತರೆ ಅಲ್ಲಿದ್ದವರು ಮುಖ ತಿರುಗಿಸಬೇಕು. ಮೊದಲ ಸಲ ತಿರುಗಿದವನು ಯಜಮಾನನೇ, ತಪ್ಪು ಮಾಡಿದ ಶಾಲೆ ಹುಡುಗನ ಹಾಗೆ ಕೈಕಟ್ಟಿ ಗೋಡೆಗೆ ಮುಖ ಮಾಡಿ ನಿಂತು ಎಲ್ಲರನ್ನೂ ನಗಿಸಿದ್ದ. ಆಮೇಲೆ ನಗು ನಿಂತಿತು, ತಿರುಗುವುದು ಉಳಿಯಿತು. ಸೂಟು ಹಾಕಿಕೊಂಡು ಬಂದ ಯಂತ್ರದ ಕಂಪನಿಯವನು ಕೂಡ ಒಮ್ಮೆ ಎಲ್ಲರ ಜೊತೆ ತಿರುಗಿ ನಿಂತಿದ್ದ. ಆಗ ಅವಳು ಬೇಕೆಂದೇ ನಿಧಾನ ಮಾಡುತ್ತಿದ್ದಳು. ಬೆರಳು ಕೀಲಿಮಣೆಯ ಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿತ್ತು. ಇಷ್ಟು ಜನ ಗಂಡಸರ ಬೆನ್ನು ನೋಡುತ್ತ, ಆಯ್ತು ತಿರುಗಿ ಎನ್ನುವುದರಲ್ಲಿ ಒಂದು ಸುಖವಿತ್ತು, ಅದನ್ನು ಸುಖವೆಂದು ಒಪ್ಪಿಕೊಳ್ಳುವುದಕ್ಕೆ ಅವಳಿಗೆ ಬಹಳ ದಿನ ಹಿಡಿದಿತ್ತು.

ಮನೆಯಲ್ಲಿ ಅವಳಿಗಾಗಿ ಯಾರೂ ಮುಖ ತಿರುಗಿಸುವುದಿಲ್ಲ. ಒಡಹುಟ್ಟಿದ ಅಣ್ಣನ ಮನೆ. ಅವಳ ಹಾಸಿಗೆ ಹಜಾರದ ಮೂಲೆಯಲ್ಲಿ. ಸೀರೆ ಬದಲಾಯಿಸಬೇಕಾದರೆ ಬಚ್ಚಲಿಗೆ ಹೋಗಬೇಕು, ಬಚ್ಚಲ ಬಾಗಿಲಿನ ಚಿಲಕ ಮುರಿದು ಯಾವ ಕಾಲವಾಯಿತೋ. ಅವಳದೊಂದು ಕಬ್ಬಿಣದ ಪೆಟ್ಟಿಗೆಯಿದೆ. ಅದಕ್ಕೆ ಒಂದು ಬೀಗ ತಂದು ಹಾಕಿದ ದಿನ ಅತ್ತಿಗೆ ಊಟಕ್ಕೆ ಬಡಿಸುತ್ತ, ಮನೆಯೊಳಗೆ ಬೀಗ ಯಾಕಮ್ಮ, ನಾವೇನು ಕಳ್ಳರಾ ಅಂದಿದ್ದಳು. ಅಣ್ಣ ತಲೆ ಎತ್ತದೆ ಅನ್ನ ಕಲಸುತ್ತಿದ್ದ. ಮರುದಿನ ಅವಳೇ ಬೀಗ ತೆಗೆದಳು. ಅಣ್ಣನ ಮಗಳು ಅತ್ತೆಯ ಫೋನು ಎತ್ತಿಕೊಂಡು ಅವಳಿಗೆ ಬಂದ ಮೆಸೇಜುಗಳನ್ನು ಎಲ್ಲರಿಗೂ ಕೇಳುವಂತೆ ಓದುತ್ತಾಳೆ. ಓದಲು ಏನಿರುತ್ತದೆ, ಗ್ಯಾಸು ಬುಕ್ಕಾಯಿತು, ಬಿಲ್ಲು ಕಟ್ಟಿ. ಅತ್ತೆಗೆ ಯಾರೂ ಇಲ್ವೇ ಇಲ್ಲ ಎಂದು ಆ ಹುಡುಗಿ ನಗುತ್ತದೆ. ಅವಳೂ ನಗುತ್ತಾಳೆ. ನಗದೆ ಇದ್ದರೆ ಮೂಗಿನ ತುದಿಯಲ್ಲಿ ಕೋಪ ಅಂತಾರೆ.

ಹೋದ ತಿಂಗಳು ಯಜಮಾನ ಯಾವುದೋ ವ್ಯಾಪಾರಿಗಳ ಸಭೆಗೆ ಹೋಗಿ ಬಂದವನು, ಎಲ್ಲರೂ ಟೀ ಕುಡಿಯುವಾಗ ಶುರು ಮಾಡಿದ್ದ. ಹಂಚಿಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್ ಅಂತ ಬಂದಿದೆಯಂತೆ, ಎಲ್ಲ ಪಾಸ್‌ವರ್ಡೂ ಒಂದೇ ತಿಜೋರಿಯಲ್ಲಿ, ಯಾರಿಗೆ ಯಾವುದು ಬೇಕೋ ಅದು ಕಾಣುತ್ತದೆ, ಯಾರನ್ನೂ ಕೂಗಬೇಕಿಲ್ಲ. “ಈಗ ನೋಡಿ, ಕೀಲಿಕೈಗೆ ಏನಾದ್ರೂ ಆಯ್ತು ಅಂದ್ಕೊಳ್ಳಿ. ಬಿಡ್ತು ಅನ್ನಿ. ಲಾರಿಗೀರಿ ಗುದ್ದಿತು. ನಾವು ಲ್ಯಾಬ್ ಮುಚ್ಕೊಂಡು ಹೋಗೋಣ್ವಾ?” ಎಲ್ಲರೂ ಬಿಡ್ತು ಬಿಡ್ತು ಎಂದು ನಕ್ಕರು, ಅವಳಿಗೆ ಟೀ ಗಂಟಲಲ್ಲಿ ಸಿಕ್ಕಿತು, ಅದಕ್ಕೂ ನಕ್ಕರು. ಆಮೇಲೆ ಅವನು ಇಷ್ಟು ಹೊತ್ತೂ ಅದನ್ನೇ ಹೇಳಲು ಬಂದವನಂತೆ ಹೇಳಿದ: ಯಾವುದು ತಗೋಬೇಕು ಅಂತ ನೀವೇ ನೋಡಿ ಹೇಳಿ, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕೋಳಿ ಕೇಳಿ ಖಾರ ಅರೀತಾರಾ ಎಂದು ಜನ ಅನ್ನುತ್ತಾರೆ. ಇಲ್ಲಿ ಕೋಳಿಯ ಕೈಗೇ ರುಬ್ಬುಗುಂಡು ಕೊಟ್ಟಿದ್ದರು. ಅವಳು ಹೂಂ ಎಂದಳು. ಇಷ್ಟು ವರ್ಷ ದುಡಿದರೂ ಅವಳನ್ನು ಯಾರೂ ಮ್ಯಾನೇಜರ್ ಅಂದಿರಲಿಲ್ಲ, ಇನ್ನೂ ಕಣ್ಣಿಗೇ ಬೀಳದ ಒಂದು ಸಾಫ್ಟ್‌ವೇರಿಗೆ ಬರುವ ಮೊದಲೇ ಆ ಪಟ್ಟ ಸಿಕ್ಕಿತ್ತು.

ಮೂರು ಸಿಕ್ಕವು. ಒಂದಕ್ಕೆ ನೀಲಿ ಗುರುತು, ಒಂದಕ್ಕೆ ಹಸಿರು, ಇನ್ನೊಂದಕ್ಕೆ ಕೆಂಪು. ಅವಳು ಅವುಗಳನ್ನು ಸೊಸೆ ನೋಡಲು ಹೊರಟ ಅತ್ತೆಯಂತೆ ನೋಡಿದಳು. ಕೆಂಪಿನದು ಅಗ್ಗ, ಆದರೆ ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು. ಬ್ಯಾಂಕಿನದು ಹಲ್ಲಿಗೆ ಪಿಂಗಾಣಿ ಹಚ್ಚುವವನಿಗೆ ಯಾಕೆ ಕಾಣಬೇಕು ಎಂದು ಅದನ್ನು ಬದಿಗಿಟ್ಟಳು. ಉಳಿದ ಎರಡೂ ಒಂದೇ ಥರ. ಎರಡರಲ್ಲೂ ಬೇರೆಬೇರೆ ಗುಂಪು ಮಾಡಬಹುದು, ಒಬ್ಬೊಬ್ಬರಿಗೂ ಸ್ವಂತದ ಒಂದು ಗೂಡು ಇರುತ್ತದೆ, ಆ ಗೂಡಿಗೆ ಅವರವರದೇ ಒಂದು ದೊಡ್ಡ ಪಾಸ್‌ವರ್ಡ್. ವ್ಯತ್ಯಾಸ ಒಂದೇ. ಹಸಿರಿನದರಲ್ಲಿ ಯಾರಾದರೂ ತಮ್ಮ ದೊಡ್ಡ ಪಾಸ್‌ವರ್ಡ್ ಮರೆತರೆ ಯಜಮಾನ ಬಿಡಿಸಿಕೊಡಬಹುದು. ನೀಲಿಯದರಲ್ಲಿ ಮರೆತರೆ ಮರೆತಂತೆಯೇ. ಅದನ್ನು ಮಾಡಿದ ಕಂಪನಿಯಿಂದಲೂ ತೆಗೆಯಲಾಗುವುದಿಲ್ಲ, ಒಳಗಿದ್ದದ್ದು ಒಳಗೇ. ಆ ಸಾಲನ್ನು ಅವಳು ಎರಡೆರಡು ಸಲ ಓದಿದಳು. ನೀಲಿಯದೇ ಭದ್ರ ಎಂದು ಯಜಮಾನನಿಗೆ ಹೇಳಿದಳು. ಸುಳ್ಳಲ್ಲ, ಭದ್ರವೇ. ಮರೆಯುವವರು ಈ ಲ್ಯಾಬಿನಲ್ಲಿ ಯಾರಿದ್ದಾರೆ ಎಂದು ಆ ಹೊತ್ತಿಗೆ ಅವಳಿಗೆ ನೆನಪಿತ್ತೋ ಇಲ್ಲವೋ, ಈಗ ತನ್ನನ್ನೇ ಕೇಳಿಕೊಂಡರೂ ಉತ್ತರ ಸಿಗುವುದಿಲ್ಲ. ದುಡ್ಡು ಕೊಡುವ ಮೊದಲು ಸ್ವಲ್ಪ ದಿನ ಬಳಸಿ ನೋಡಲು ಬಿಡುತ್ತಾರೆ, ಮೊದಲು ಟ್ರಯಲ್ ಮಾಡಿ ಎಂದ ಯಜಮಾನ. ಒಬ್ಬೊಬ್ಬರೂ ತಮ್ಮ ಸ್ವಂತದ್ದೂ ಒಂದು ಹಾಕಿ ಅಭ್ಯಾಸ ಮಾಡಿಕೊಳ್ಳಲಿ ಎಂದ.

ಅಚ್ಚಿನಣ್ಣನ ಹತ್ತಿರ ಸ್ವಂತದ್ದು ಅಂತ ಇದ್ದದ್ದು ಹೆಂಡತಿಯ ಖಾತೆ ಒಂದೇ. ಸೋಮವಾರ ಅವನನ್ನು ಕೂರಿಸಿಕೊಂಡು ಅವಳೇ ಅದನ್ನು ಅವನ ಗೂಡಿಗೆ ಹಾಕಿದಳು. ಹಾಕಿದ ಕೂಡಲೇ ಪಕ್ಕದಲ್ಲಿ ಕೆಂಪು ಅಕ್ಷರ ಮೂಡಿತು, ದುರ್ಬಲ. ತಾನು ಇಷ್ಟು ದಿನ ಕಾಪಾಡಿಕೊಂಡು ಬಂದ ಪಾಸ್‌ವರ್ಡನ್ನು ನಿನ್ನೆ ಮೊನ್ನೆ ಹುಟ್ಟಿದ ಒಂದು ಪೆಟ್ಟಿಗೆ ದುರ್ಬಲ ಅನ್ನುವುದೇ. ಗಟ್ಟಿಯಾದದ್ದು ಮಾಡಲೇ ಎಂದು ಅದೇ ಕೇಳಿತು, ಅವಳು ಮಾಡು ಎಂದು ಒತ್ತಿದಳು. ಯಾವ ಅರ್ಥವೂ ಇಲ್ಲದ, ಯಾರ ತಲೆಯಲ್ಲೂ ನಿಲ್ಲದ ಅಕ್ಷರಗಳ ಸರ. ಆ ಖಾತೆಯ ಪಾಸ್‌ವರ್ಡ್ ಈಗ ಅದು. ಅದು ಇರುವುದು ಆ ಗೂಡಿನಲ್ಲಿ ಮಾತ್ರ. ಕೆಂಪು ಹೋಗಿ ಹಸಿರಾಯಿತು. ಇನ್ನು ನಿಮ್ಮ ಗೂಡಿಗೆ ನೀವೇ ದೊಡ್ಡ ಪಾಸ್‌ವರ್ಡ್ ಇಟ್ಟುಕೊಳ್ಳಿ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ, ಯಾರಿಗೂ ಹೇಳಬೇಡಿ, ಎಲ್ಲೂ ಬರೆದಿಡಬೇಡಿ ಎಂದು ಓದಿ ಹೇಳಿದಳು. ನನಗಾಗಲ್ಲ ತಂಗಿ, ನೀವೇ ಇಟ್ಕೊಳ್ಳಿ ಎಂದ. ನಾನು ಇಟ್ಟುಕೊಳ್ಳುವ ಕಾಲ ಮುಗಿಯಿತಣ್ಣ ಎಂದಳು, ಅದರಲ್ಲಿದ್ದ ಕಹಿ ಅವನಿಗೆ ತಾಕಲಿಲ್ಲ. ಅವನು ಕೀಲಿಗಳ ಮುಂದೆ ಕೂತ. ಅವಳು, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತಳು.

ಗೋಡೆಗೆ ಒರಗಿಸಿ ಗಾಜಿನ ಬೀರು ಇಟ್ಟಿದ್ದರು. ಡಾಕ್ಟರುಗಳಿಗೆ ತೋರಿಸುವ ಮಾದರಿ ಹಲ್ಲಿನ ಸೆಟ್ಟುಗಳು, ಅವುಗಳ ಹಿಂದೆ ಕಪ್ಪು ಮಖಮಲ್ಲು. ಆ ಕಪ್ಪಿನಿಂದಾಗಿ ಗಾಜು ಕನ್ನಡಿಯಾಗಿತ್ತು. ಮೇಜು, ಕೀಲಿಮಣೆ, ಅದರ ಮೇಲೆ ಅಚ್ಚಿನಣ್ಣನ ಒಂದೇ ಒಂದು ಬೆರಳು, ಎಲ್ಲ ಅಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು. ಅವನು ಒಂದೊಂದೇ ಪದವನ್ನು ತುಟಿಯಲ್ಲಿ ಗೊಣಗಿಕೊಂಡು ಅಕ್ಷರ ಹುಡುಕಿ ಒತ್ತುತ್ತಿದ್ದ. ಕೊಡೆ. ನಿಂಬೆ. ಮೆಟ್ಟಿಲು. ಬಟ್ಟಲು. ಅವಳಿಗೆ ಅವನ ಪದಗಳ ಮೇಲೆ ಗಮನವೇ ಇರಲಿಲ್ಲ. ಕಂಡದ್ದು ಕೇಳಿದ್ದು ತಾನಾಗಿ ತಲೆಯೊಳಗೆ ಹೋಗಿ ಕೂತುಕೊಳ್ಳುವುದು ಅವಳ ಹುಟ್ಟುಗುಣ. ಆಮೇಲೆ ಅವಳಿಗೆ ಹೊಳೆಯಿತು. ಇಷ್ಟು ವರ್ಷ ಅವಳು ಒತ್ತುವಾಗ ಮುಖ ತಿರುಗಿಸಿ ನಿಂತವರೆಲ್ಲ ಈ ಗಾಜಿಗೆ ಎದುರಾಗಿಯೇ ನಿಂತಿದ್ದರು. ನೋಡಿದ್ದಾರೆಯೇ? ನೋಡಿಲ್ಲವೇ? ಅವಳೇ ಎಂದೂ ತಲೆ ಎತ್ತಿ ಆ ಕಡೆ ನೋಡಿರಲಿಲ್ಲ, ಕೀಲಿಗಳ ಮೇಲೆ ಬೆರಳಿಟ್ಟಾಗ ಅವಳಿಗೆ ಬೇರೆ ಲೋಕ ಬೇಕಿರಲಿಲ್ಲ. ಆಯ್ತು ತಂಗಿ ಎಂದ ಅಚ್ಚಿನಣ್ಣ, ಪರೀಕ್ಷೆ ಬರೆದು ಮುಗಿಸಿದವನಂತೆ ಹಣೆ ಒರೆಸಿಕೊಂಡು. ಅವತ್ತಿನಿಂದ ಅವಳಿಗೆ ನಿದ್ದೆ ಸರಿಯಾಗಿ ಹತ್ತಿರಲಿಲ್ಲ.

ಗುರುವಾರವೇ ಅವನು ಮರೆತ. ಅಭ್ಯಾಸಕ್ಕೆಂದು ತೆರೆಯಲು ಹೋಗಿ ಮೂರು ಪದದಲ್ಲೇ ನಿಂತುಬಿಟ್ಟ. ಹೆಂಡತಿಯ ಖಾತೆಯನ್ನು ನೇರವಾಗಿ ಬಿಡಿಸಿಕೊಳ್ಳಲು ಹೋದರೆ, ಅವಳ ಹಳೇ ನಂಬರಿಗೆ ಗುಟ್ಟಿನ ಸಂಖ್ಯೆ ಕಳಿಸಿದ್ದೇವೆ ಎಂದಿತು. ಆ ನಂಬರು ಈಗ ಇನ್ಯಾರದೋ. ಫೋನು ಮಾಡಿ ಕೇಳಿ ಎಂದು ಇವಳೇ ಹೇಳಿದಳು. ಅವನು ಮಾಡಿದ. ಆ ಕಡೆಯಿಂದ ಹೆಂಗಸೊಬ್ಬಳು ಹಲೋ ಹಲೋ ಎಂದಳು. ಅಚ್ಚಿನಣ್ಣನಿಗೆ ಮಾತೇ ಹೊರಡಲಿಲ್ಲ. ಆ ನಂಬರಿನಿಂದ ಹೆಣ್ಣು ಧ್ವನಿ ಕೇಳಿ ಎಷ್ಟು ದಿನವಾಗಿತ್ತೋ, ತುಟಿ ಮಾತ್ರ ಅಲ್ಲಾಡಿತು. ಆ ಹೆಂಗಸು, ಮಾತಾಡೋಕೆ ಬರಲ್ವಾ, ವಯಸ್ಸಾದವನ ಥರ ಉಸಿರು ಬಿಡ್ತೀಯ, ನಾಚಿಕೆ ಆಗಲ್ವಾ ಎಂದು ಉಗಿದು ಇಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಆಗಲೇ ಆ ಪದ ಹೇಳಬಹುದಿತ್ತು ಇವಳು. ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಗಾಜಿನಲ್ಲಿ ಕಂಡಿತು ಎನ್ನಬೇಕಾಗುತ್ತದೆ. ಗಾಜಿನಲ್ಲಿ ಕಾಣುತ್ತದೆ ಎಂದು ತನ್ನ ಬಾಯಿಂದಲೇ ಹೇಳಿದ ಮೇಲೆ ಅವಳ ಹತ್ತಿರ ಉಳಿಯುವುದೇನು? ಹೀಗೆ ಒಂದು ಕಾರಣ. ಇನ್ನೊಂದು ಕಾರಣವೂ ಇತ್ತು, ಅದು ಕೆಳಗಿನದು, ಕೆಸರಿನಲ್ಲಿ ಕೂತದ್ದು: ಈ ಮುದುಕನ ಗತಿ ನೋಡಿದರೆ ಯಜಮಾನ ಹೆದರಿಯಾನು, ಈ ಪೆಟ್ಟಿಗೆಗಳ ಸಹವಾಸವೇ ಬೇಡ, ನಮ್ಮ ಕೀಲಿಕೈಯೇ ಸಾಕು ಅಂದಾನು. ಶನಿವಾರದ ಮಾತುಕತೆಯವರೆಗೆ ಇರಲಿ, ಆಮೇಲೆ ಹೇಗಾದರೂ ಮಾಡಿ ಹೇಳಿದರಾಯಿತು ಎಂದುಕೊಂಡಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಇವತ್ತು ಆ ಶನಿವಾರ. ಮಧ್ಯಾಹ್ನ ಯಜಮಾನ ಎಲ್ಲರನ್ನೂ ಸೇರಿಸಿದ. ಅವಳು ಎದ್ದು ನಿಂತು, ಎರಡು ದಿನದಿಂದ ಮನಸ್ಸಿನಲ್ಲೇ ಒಪ್ಪ ಮಾಡಿಟ್ಟುಕೊಂಡಿದ್ದನ್ನು ಹೇಳಿದಳು: ಭದ್ರ ನಿಜ, ಆದರೆ ಪೆಟ್ಟಿಗೆಗೆ ಮನುಷ್ಯರ ಕಷ್ಟ ಗೊತ್ತಾಗುವುದಿಲ್ಲ, ಬೇಕಿದ್ದರೆ ಅಚ್ಚಿನಣ್ಣನನ್ನೇ ಕೇಳಿ. ಕೇಳಿ ಎಂದು ಅವನನ್ನು ಮುಂದೆ ಕರೆದವಳೂ ಅವಳೇ. ಅವನು ಕೆಲಸದ ನಡುವಿನಿಂದ ಎದ್ದು ಬಂದಿದ್ದ, ಬಟ್ಟಲು ಕೈಯಲ್ಲೇ ಇತ್ತು. ಕೊಡೆ, ನಿಂಬೆ, ಮೆಟ್ಟಿಲು ಎಂದು ಒಪ್ಪಿಸಿ ನಿಂತ. ಡಿಸೈನರಿಗೆ ಇದು ಆಟವಾಗಿ ಕಂಡಿತು. ಪರದೆಯ ಮೇಲೆ ದಿನವಿಡೀ ಹಲ್ಲು ಕೊರೆಯುವವನಿಗೆ ಬೇರೇನು ಮೋಜು. ದಿನಾ ನೋಡೋದಾ ಅಣ್ಣ, ಹಾಗಾದ್ರೆ ಚಪ್ಪಲಿ ಎಂದ. ಅಲ್ಲ ಎಂದ ಅಚ್ಚಿನಣ್ಣ, ಪಾಪ, ಯೋಚಿಸಿ. ಪಿಂಗಾಣಿಯವನು, ಹಲ್ಲು ಎಂದ. ಇನ್ಯಾರೋ ಸೀಲಿಂಗ್ ಫ್ಯಾನು, ಇನ್ಯಾರೋ ಯಜಮಾನರ ಬೈಗುಳ ಎಂದರು, ರೂಮು ನಗುವಿನಿಂದ ತುಂಬಿತು. ಯಜಮಾನನೂ ಒಂದು ಸಲ, ಗಡಿಯಾರ ಎಂದ. ಪ್ರತಿಯೊಂದಕ್ಕೂ ಅವನು ಕಣ್ಣು ಕಿರಿದು ಮಾಡಿ, ಇರಬಹುದೇನೋ ಎಂಬಂತೆ ನಾಲಿಗೆಯ ಮೇಲಿಟ್ಟುಕೊಂಡು ನೋಡಿ, ಅಲ್ಲ ಎನ್ನುತ್ತಿದ್ದ, ಮಾತಾಡುವಾಗ ಬಟ್ಟಲನ್ನು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಿದ್ದ. ಅಷ್ಟೂ ಜನರ ಕಣ್ಣೆದುರು ಅದು ಅತ್ತಿಂದಿತ್ತ ಹೋಗುತ್ತಿತ್ತು. ಅವಳು ಬೇಡಿಕೊಳ್ಳುತ್ತಿದ್ದಳು, ಯಾರಾದರೂ ಹೇಳಿಬಿಡಲಿ ಎಂದೋ ಯಾರೂ ಹೇಳದಿರಲಿ ಎಂದೋ. ಯಾರೂ ಹೇಳಲಿಲ್ಲ.

ಯಜಮಾನ ಕೈ ಎತ್ತಿದ, ನಗು ನಿಂತಿತು. “ಆಗಿದ್ದು ಒಳ್ಳೇದೇ ಆಯ್ತು,” ಎಂದ. “ಟ್ರಯಲ್‌ನಲ್ಲೇ ಗೊತ್ತಾಯ್ತಲ್ಲ, ದುಡ್ಡು ಕೊಟ್ಟ ಮೇಲೆ ಆಗಿದ್ರೆ? ಈ ನೀಲಿ ಬೇಡ. ಹಸಿರಿಂದು ತಗೊಳ್ಳೋಣ. ಯಾರು ಮರೆತ್ರೂ ನಾನೇ ಬಿಡಿಸಿಕೊಡ್ತೀನಿ.” ಎಷ್ಟು ಸಲೀಸು. ಕೀಲಿಕೈ ಇನ್ನು ಅವನು. ಅವಳು ಬಾಯಿ ತೆರೆಯುವ ಮೊದಲೇ ಮುಂದಿನದೂ ಹೇಳಿದ: ನೀವು ಸೋಮವಾರದಿಂದ ಪಾರ್ಸೆಲ್ ಕಡೆ ನೋಡಿಕೊಳ್ಳಿ, ಅಲ್ಲಿ ಜನ ಸಾಲದು, ಕೂತು ಕೂತು ನಿಮಗೂ ಬೇಜಾರಾಗಿರಬೇಕು. ಪಾರ್ಸೆಲ್ ಕಟ್ಟುವುದೆಂದರೆ ಹಿಂದಿನ ಓಣಿ ಕಡೆಯ ರೂಮು, ಹಲ್ಲುಗಳನ್ನು ಹತ್ತಿಯಲ್ಲಿಟ್ಟು ಡಬ್ಬಿಗೆ ಟೇಪು ಸುತ್ತುವುದು. ನೀಲಿಯದನ್ನು ಇವತ್ತೇ ಮುಚ್ಚಿಬಿಡಿ ಎಂದೂ ಹೇಳಿದ. ಅಚ್ಚಿನಣ್ಣ ಇನ್ನೂ ಮುಂದೆಯೇ ನಿಂತಿದ್ದ, ಅವನನ್ನು ಹೋಗು ಎಂದು ಯಾರೂ ಹೇಳಿರಲಿಲ್ಲ. ಮುಚ್ಚಿದರೆ ನನ್ನದು ಏನಾಗುತ್ತೆ ಎಂದು ಕೇಳಿದ, ಯಾರನ್ನೂ ನೋಡದೆ. ಯಜಮಾನ ಅವನ ಭುಜ ತಟ್ಟಿದ. “ಸಂಜೆವರೆಗೂ ಇದೆಯಲ್ಲ ಅಣ್ಣ. ನೆನಪು ಮಾಡ್ಕೋ.” ತಟ್ಟಿದ ಕೈಗೆ ಪ್ಲಾಸ್ಟರು ಅಂಟಿತು, ಅದನ್ನು ಕರ್ಚೀಫಿನಿಂದ ಒರೆಸಿಕೊಂಡು ಒಳಗೆ ಹೋದ.

ಅವಳು ತನ್ನ ಕುರ್ಚಿಗೆ ಬಂದು ಕೂತಳು. ಯಾವ ಹಗ್ಗ ಹೊಸೆದಿದ್ದಳೋ ಅದು ಅವಳ ಕುತ್ತಿಗೆಗೇ ಬಂದಿತ್ತು, ಆ ಮುದುಕ ಸುಮ್ಮಸುಮ್ಮನೆ ನಡುವೆ ಸಿಕ್ಕಿಕೊಂಡಿದ್ದ. ಈಗಲಾದರೂ ಹೇಳಿಬಿಡು ಎಂದು ಒಳಗಿನಿಂದ ಯಾರೋ ಹೇಳಿದರು, ಇನ್ನೇನು ಕಳೆದುಕೊಳ್ಳುವುದಿದೆ. ನಿಜವೇ. ಎದ್ದು ಹೋಗಿ, ಅಣ್ಣ ನಿಮ್ಮ ಕೈ ನೋಡಿಕೊಳ್ಳಿ ಎಂದರೆ ಸಾಕು, ಪದವನ್ನು ಹೇಳಲೂ ಬೇಕಿಲ್ಲ, ಗಾಜಿನ ಮಾತೂ ಬರುವುದಿಲ್ಲ. ಈ ದಾರಿ ತನಗೆ ಮೂರು ದಿನದಿಂದ ಯಾಕೆ ಹೊಳೆಯಲಿಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಎದ್ದಳು ಕೂಡ. ಅಷ್ಟರಲ್ಲಿ ಡಿಸೈನರು ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟವನು ಅವಳ ಮೇಜಿನ ಹತ್ತಿರ ನಿಂತ. ಸಮಾಧಾನ ಹೇಳಲೆಂದೇ ನಿಂತಿದ್ದ. ಬೇಜಾರು ಮಾಡ್ಕೋಬೇಡಿ, ನಿಮ್ಮ ಕೆಲಸ ಕಮ್ಮಿಯಾಯ್ತು ಅಂತ ತಿಳ್ಕೊಳ್ಳಿ ಎಂದ. ನನ್ನ ತಲೆಯಲ್ಲಿರುವುದನ್ನೆಲ್ಲ ಹಸಿರಿನದಕ್ಕೆ ತುಂಬಬೇಕಲ್ಲ, ಅದಕ್ಕಾದರೂ ನಾನು ಬೇಕಲ್ಲ ಎಂದಳು ಅವಳು, ನಗಲು ನೋಡುತ್ತ. ಅವನು ಒಂದು ಗಳಿಗೆ ತಡೆದ, ಆಮೇಲೆ ಅಯ್ಯೋ ಬಿಡಿ ಎನ್ನುವಂತೆ ಕೈ ಆಡಿಸಿದ.

“ಅದೆಲ್ಲ ನಮಗೆ ಗೊತ್ತಿರೋದೇ ಅಲ್ವಾ ಅಕ್ಕ. ನೀವು ರಜ ಹಾಕಿದಾಗ ನಾವೇನು ಕೈಕಟ್ಟಿ ಕೂತಿರ್ತಿದ್ವಾ?” ಬೀರುವಿನ ಕಡೆ ಗದ್ದ ತೋರಿಸಿದ. “ಕನ್ನಡಿ ಥರ ಕಾಣುತ್ತೆ. ನೀವು ನೊಂದ್ಕೋತೀರಿ ಅಂತ ಯಾರೂ ಹೇಳ್ಲಿಲ್ಲ. ಬೆಕ್ಕು ಕಣ್ಮುಚ್ಚಿ ಹಾಲು ಕುಡೀತಿದೆ, ಕುಡೀಲಿ ಬಿಡ್ರೋ ಅಂತಿದ್ರು ಯಜಮಾನ್ರು.”

“ಎಲ್ಲರಿಗೂ ಗೊತ್ತಾ?” ಎಂದಳು.

“ಎಲ್ಲರಿಗೂ,” ಎಂದ ಅವನು, ಅದೂ ಒಂದು ಸಮಾಧಾನವೆಂಬಂತೆ, ಬರ್ತೀನಕ್ಕ ಎಂದು ಹೋದ.

ಬೆಕ್ಕು. ಅಷ್ಟು ವರ್ಷ ಬೆನ್ನುಗಳು ಅಂದುಕೊಂಡದ್ದೆಲ್ಲ ಬೆನ್ನುಗಳಲ್ಲ. ಅವಳು ನಿಧಾನ ಮಾಡಿದಾಗ, ಬೆರಳನ್ನು ಗಾಳಿಯಲ್ಲಿ ನಿಲ್ಲಿಸಿ ಸುಖಪಟ್ಟಾಗ, ಆಯ್ತು ತಿರುಗಿ ಎಂದು ಗತ್ತಿನಿಂದ ಹೇಳಿದಾಗ, ಅವರೆಲ್ಲ ಗಾಜಿನೊಳಗಿಂದ ಅವಳ ಮುಖವನ್ನೂ ನೋಡಿದ್ದಾರೆ. ಆ ಮುಖ ಹೇಗಿದ್ದಿರಬೇಕು. ಮುರಿದ ಚಿಲಕದ ಬಚ್ಚಲಲ್ಲಿ ನಿಂತಾಗ ಅವಳು ಬಾಗಿಲಿಗೆ ಬಕೆಟ್ಟು ಒತ್ತಿಡುತ್ತಾಳೆ. ಇಲ್ಲಿ ಅದೂ ಇರಲಿಲ್ಲ. ಯಜಮಾನ ನೋಡಿದ, ಪಿಂಗಾಣಿಯವನು ನೋಡಿದ, ಸೂಟಿನವನೂ ನೋಡಿ ನಕ್ಕು ಹೋದ. ಎಲ್ಲರೂ ಎಂದರೆ ಎಲ್ಲರೂ. ಹಾಗಾದರೆ ಅವನೂ. ಶನಿವಾರ ಶನಿವಾರ ಪಕ್ಕದಲ್ಲಿ ನಿಂತು, ಪದ್ಧತಿ ಅಂದ್ರೆ ಪದ್ಧತಿ ಎಂದು ಭಕ್ತನ ಹಾಗೆ ತಿರುಗುತ್ತಿದ್ದವನು, ತಂಗಿ ತಂಗಿ ಎನ್ನುತ್ತಿದ್ದವನು. ಉಳಿದವರು ನಕ್ಕದ್ದನ್ನು ಹೇಗೋ ನುಂಗಬಹುದು, ಅವರು ಅವಳನ್ನು ತಂಗಿ ಅಂದಿರಲಿಲ್ಲ. ಎಲ್ಲರ ಮೇಲಿನ ಸಿಟ್ಟೂ ಹುಡುಕಿಕೊಂಡು ಹೋಗಿ ಆ ಒಬ್ಬನ ಮೇಲೆ ಕೂತಿತು. ಕೂರಲು ಅಲ್ಲಿ ಜಾಗ ಮೆತ್ತಗಿತ್ತು.

ಸಂಜೆಗೆ ಎಲ್ಲರೂ ಹೋಗಿದ್ದರು. ಯಜಮಾನ ಹೊರಡುವಾಗ, ಅದನ್ನು ಮುಚ್ಚೋದು ಮರೀಬೇಡಿ ಎಂದು ಬಾಗಿಲಿಂದಲೇ ನೆನಪಿಸಿ ಹೋಗಿದ್ದ. ಒಳಗಿನ ರೂಮಿನಲ್ಲಿ ನಲ್ಲಿ ನಿಂತ ಸದ್ದಾಯಿತು, ಅಚ್ಚಿನಣ್ಣ ಬಂದ. ಕೈ ತೊಳೆದಿದ್ದ, ತಲೆ ಬಾಚಿದ್ದ, ಶನಿವಾರದ ಅಂಗಿ ಹಾಕಿದ್ದ. ತೊಳೆದ ಬಟ್ಟಲನ್ನು ಒಣಗಿಸಲು ಇಡುವುದನ್ನು ಮರೆತು ಕೈಯಲ್ಲೇ ಹಿಡಿದು ಬಂದಿದ್ದ. “ನೆನಪಾಗ್ಲಿಲ್ಲ ತಂಗಿ,” ಎಂದ. “ನೀವೇ ಒಂದ್ಸಲ ಪ್ರಯತ್ನ ಮಾಡಿ ನೋಡಿ. ನಿಮ್ಮ ಕೈಗುಣ ಒಳ್ಳೇದು. ಇಷ್ಟು ವರ್ಷ ನಿಮ್ಮ ಕೈಯಲ್ಲಿದ್ದಾಗ ಒಂದು ದಿನ ತಪ್ಪಿರ್ಲಿಲ್ಲ.” ಅವಳು ಕೀಲಿಗಳ ಕಡೆ ತಿರುಗಿದಳು. ಅವನು ಎಂದಿನ ಜಾಗಕ್ಕೆ ಹೋಗಿ, ಎಂದಿನ ಹಾಗೆ, ಬೀರುವಿನ ಕಡೆ ಮುಖ ಮಾಡಿ ನಿಂತ. ನೋಡು, ನೋಡು, ಚೆನ್ನಾಗಿ ನೋಡು ಎಂದುಕೊಂಡಳು ಅವಳು. ಕೊಡೆ ಎಂದು ಒತ್ತಿದಳು. ನಿಂಬೆ. ಮೆಟ್ಟಿಲು. ನಿಧಾನವಾಗಿ, ಅವನಿಗೆ ಕಾಣಲೆಂದೇ, ಬಟ್ಟಲು ಎಂದೂ ಒತ್ತಿದಳು. ಇನ್ನೊಂದು ಕೀಲಿ ಒತ್ತಿದರೆ ತೆರೆಯುತ್ತಿತ್ತು. ನೋಡಿದ್ದರೆ ಈಗ ಅರಚುತ್ತಾನೆ, ಅದೇ ಅದೇ ತಂಗಿ ಎನ್ನುತ್ತಾನೆ, ಅಲ್ಲಿಗೆ ಅವನ ಕಳ್ಳತನವೂ ಹೊರಬೀಳುತ್ತದೆ. ಅವಳು ಕಾದಳು. ಅವನು ಮಾತಾಡಲಿಲ್ಲ. ನೋಡಿಯೂ ಆಟ ಆಡುತ್ತಿದ್ದಾನೆ, ಎಷ್ಟು ಗಟ್ಟಿ ಎಂದುಕೊಂಡಳು. ಸರಿ, ಹಾಗಾದರೆ ಇದನ್ನೂ ನೋಡು. ನಾಲ್ಕು ಪದಗಳನ್ನೂ ಒಂದೊಂದೇ ಅಕ್ಷರವಾಗಿ ಅಳಿಸಿದಳು. ಟ್ರಯಲ್ಲಿನ ಪುಟ ತೆರೆದು ಅವನ ಗೂಡನ್ನು ಆರಿಸಿದಳು, ತೆಗೆದುಹಾಕು ಎಂಬುದರ ಮೇಲೆ ಒತ್ತಿದಳು. ಒಳಗಿರುವುದೆಲ್ಲ ಹೋಗುತ್ತದೆ, ಮತ್ತೆ ಸಿಗುವುದಿಲ್ಲ, ಖಚಿತವೇ ಎಂದು ಅದು ಕೇಳಿತು. ಖಚಿತ. ಒಂದು ಚಿಕ್ಕ ಚಕ್ರ ತಿರುಗಿ ನಿಂತಿತು, ಅವನ ಸಾಲು ಇದ್ದ ಜಾಗ ಬಿಳಿಯಾಯಿತು.

ಆಗ ಅವಳು, ಕೀಲಿಗಳ ಮುಂದೆ ಕೂತು ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡದಿದ್ದದ್ದನ್ನು ಮಾಡಿದಳು. ತಲೆ ಎತ್ತಿ ಗಾಜಿನ ಕಡೆ ನೋಡಿದಳು, ಅವನ ಕಣ್ಣಿಗೆ ಕಣ್ಣು ಕೊಟ್ಟು ಕೇಳಿಬಿಡಬೇಕೆಂದು. ಸಾಲು ಸಾಲು ಹಲ್ಲುಗಳ ಮೇಲೆ ಅವನ ಮುಖ ಇತ್ತು. ಬಾಚಿದ ತಲೆ, ಕಿವಿಯ ಹಿಂದೆ ತೊಳೆದರೂ ಹೋಗದ ಬಿಳಿ. ಕಣ್ಣು ಮುಚ್ಚಿಕೊಂಡಿದ್ದ. ತಲೆಗೆ ಸೋಪು ಹಾಕುವಾಗ ಮಕ್ಕಳು ಮುಚ್ಚುವ ಹಾಗೆ, ರೆಪ್ಪೆ ಸುಕ್ಕಾಗುವಷ್ಟು ಬಿಗಿಯಾಗಿ, ಹುಬ್ಬು ಕೂಡಿಸಿ. ಇವತ್ತು ಹೊಸದಾಗಿ ಮುಚ್ಚಿದ್ದಲ್ಲ. ಆ ಮುಖಕ್ಕೆ ಅದು ರೂಢಿಯಾಗಿತ್ತು, ಮುಚ್ಚಿಕೊಂಡೇ ಆರಾಮಾಗಿ ನಿಂತಿತ್ತು.

“ಆಯ್ತಾ ತಂಗಿ?” ಎಂದು ಕೇಳಿದ, ಕಣ್ಣು ತೆರೆಯದೆ.

ಅವಳು ಬಿಳಿಯಾದ ಸಾಲನ್ನು ನೋಡಿದಳು. ವಾಪಸ್ಸು ತರುವ ಗುಂಡಿ ಎಲ್ಲಾದರೂ ಇದೆಯೇ ಎಂದು ಹುಡುಕಿದಳು, ಇಲ್ಲವೆಂದು ಗೊತ್ತಿದ್ದೂ ಹುಡುಕಿದಳು. ಇಲ್ಲವೆಂದೇ ನೀಲಿಯದನ್ನು ಆರಿಸಿದವಳು ಅವಳು.

“ಇನ್ನೂ ಇಲ್ಲ ಅಣ್ಣ,” ಎಂದಳು. “ತಿರುಗಬೇಡಿ.”

ಅವನು ಹೂಂ ಎಂದು, ಬಟ್ಟಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಹಾಗೇ ನಿಂತ.